ಉಬುಂಟು ಸರ್ವರ್‌ಗೆ ಸರ್ಟ್‌ಬಾಟ್: ಹಾಕೋದು ಐದು ನಿಮಿಷ, ನವೀಕರಣ ನೋಡಿಕೊಳ್ಳೋದೇ ಕೆಲಸ

ಒಂದು ದಿನ ಬೆಳಿಗ್ಗೆ ಆರೂವರೆಗೆ ಭಾವ ಫೋನ್ ಮಾಡಿದರು. "ಏನೋ ಇದು, ಸೈಟು ತೆರೆದರೆ ಕಳ್ಳರು ಇದ್ದಾರೆ ಅನ್ನೋ ಹಾಗೆ ಹೆದರಿಸ್ತಾ ಇದೆ?" ಅವರ ಟ್ರಾವೆಲ್ಸ್‌ನ ಬುಕಿಂಗ್ ಪುಟ ಅದು, ನಾನೇ ಮಾಡಿಕೊಟ್ಟಿದ್ದು. ಹಾಸಿಗೆಯಲ್ಲೇ ಲ್ಯಾಪ್‌ಟಾಪ್ ಎಳೆದುಕೊಂಡು ಸರ್ವರ್ ಒಳಗೆ ಹೋಗಿ ನೋಡಿದೆ. ಸರ್ಟಿಫಿಕೇಟ್, ಅಂದರೆ ಸೈಟು ಅಸಲಿ ಅಂತ ಬ್ರೌಸರ್‌ಗೆ ತೋರಿಸಿ ಸಂಪರ್ಕಕ್ಕೆ ಬೀಗ ಹಾಕಿಸುವ ಫೈಲು, ತಾಜಾ ಇದೆ, ಇನ್ನೂ 60 ದಿನ ಬಾಳುತ್ತದೆ. ಬ್ರೌಸರ್ ಮಾತ್ರ ಅವಧಿ ಮುಗಿದಿದೆ ಅನ್ನುತ್ತಿದೆ. ಎರಡೂ ಹೇಗೆ ನಿಜ ಆಗೋಕೆ ಸಾಧ್ಯ ಅಂತ ಅರ್ಧ ಗಂಟೆ ತಲೆ ಕೆರೆದುಕೊಂಡೆ. ಕಾರಣ ಸಿಕ್ಕಾಗ ನಗು ಬಂತು, ಜೊತೆಗೆ ನಾಚಿಕೆಯೂ ಆಯಿತು. ಅದನ್ನ ಮುಂದೆ ಹೇಳುತ್ತೇನೆ, ಯಾಕೆಂದರೆ ಈ ಕೆಲಸದಲ್ಲಿ ಜನ ಎಡವೋದು ಅಲ್ಲೇ. ಹಾಕುವಾಗ ಅಲ್ಲ.

ಒಂದು ಮಾತು ಮೊದಲೇ. ಕಮಾಂಡ್‌ಗಳನ್ನ ಫೋನಿನಲ್ಲಿ ಓದಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ. ಎಂಜಿನ್‌ಎಕ್ಸ್ (ಸೈಟಿನ ಪುಟಗಳನ್ನ ಕೊಡುವ ವೆಬ್ ಸರ್ವರ್ ಸಾಫ್ಟ್‌ವೇರ್) ಅಂದರೆ ಎನ್-ಜಿ-ಐ-ಎನ್-ಎಕ್ಸ್, ಯುಎಸ್‌ಆರ್ ಅಂದರೆ ಮಧ್ಯೆ ಇ ಇಲ್ಲದ ಮೂರೇ ಅಕ್ಷರ. ಗೆರೆ, ಚುಕ್ಕಿ, ಓರೆಗೆರೆ ಎಲ್ಲ ಇಲ್ಲಿ ಇರುವ ಹಾಗೆಯೇ. ನಿಮ್ಮ ಡೊಮೇನ್ ಬರಬೇಕಾದ ಕಡೆ ನಾನು ಎಕ್ಸಾಂಪಲ್.ಕಾಮ್ ಅಂತ ಹಾಕಿದ್ದೇನೆ.

ಪುಕ್ಕಟೆ ಸರ್ಟಿಫಿಕೇಟ್ ಕೊಡುವುದು ಲೆಟ್ಸ್ ಎನ್‌ಕ್ರಿಪ್ಟ್. ಅಮೆರಿಕದ ಐಎಸ್‌ಆರ್‌ಜಿ ಎಂಬ, ಲಾಭಕ್ಕಾಗಿ ಅಲ್ಲದ ಸಂಸ್ಥೆ ಅದನ್ನ ನಡೆಸುತ್ತದೆ. 2015ರ ಡಿಸೆಂಬರ್‌ನಲ್ಲಿ ಎಲ್ಲರಿಗೂ ತೆರೆಯಿತು. ಅದಕ್ಕೂ ಮುಂಚೆ ಚಿಕ್ಕ ಸೈಟಿಗೂ ವರ್ಷವರ್ಷ ದುಡ್ಡು ಕೊಟ್ಟು ಸರ್ಟಿಫಿಕೇಟ್ ಕೊಳ್ಳುವುದೇ ರೂಢಿ, ಹಾಗಾಗಿ ಬಹಳ ಜನ ಬೀಗವೇ ಇಲ್ಲದೆ ನಡೆಸುತ್ತಿದ್ದರು. ಸರ್ಟ್‌ಬಾಟ್ ಅನ್ನುವುದು ನಿಮ್ಮ ಸರ್ವರ್‌ನಲ್ಲಿ ಕೂತು ಲೆಟ್ಸ್ ಎನ್‌ಕ್ರಿಪ್ಟ್ ಜೊತೆ ಮಾತಾಡುವ ಕ್ಲೈಂಟ್. ಇದು ಇಎಫ್‌ಎಫ್ ಎಂಬ ಡಿಜಿಟಲ್ ಹಕ್ಕುಗಳ ಸಂಸ್ಥೆಯವರದ್ದು. ಇಬ್ಬರೂ ಮಾತಾಡುವ ಭಾಷೆಯ ಹೆಸರು ಆಕ್ಮೆ.

ಕೆಲಸ ಹೇಗೆ ನಡೆಯುತ್ತದೆ ಅಂತ ಗೊತ್ತಿದ್ದರೆ ತಪ್ಪು ಹುಡುಕುವುದು ಸುಲಭ. ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದಾಗ ಪೊಲೀಸರು ಮನೆ ಹುಡುಕಿಕೊಂಡು ಬರುತ್ತಾರಲ್ವಾ, ಅದೇ ಥರ. "ಈ ಡೊಮೇನ್ ನನ್ನದು" ಅಂತ ಸರ್ಟ್‌ಬಾಟ್ ಅರ್ಜಿ ಹಾಕುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಒಂದು ಚೀಟಿ ಕೊಟ್ಟು, ಇದನ್ನ ನಿನ್ನ ಸೈಟಿನ ಇಂಥ ಜಾಗದಲ್ಲಿ ಇಡು ಅನ್ನುತ್ತದೆ. ಆಮೇಲೆ ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರಿಗೆ ಸರ್ವರ್‌ನ ವಿಳಾಸ ಹೇಳುವ ಪಟ್ಟಿ) ಇರುವ ವಿಳಾಸ ಹಿಡಿದು ಪೋರ್ಟ್ 80ರ ಬಾಗಿಲಿಗೆ ಬಂದು ಚೀಟಿ ಇದೆಯಾ ನೋಡುತ್ತದೆ. ಇದ್ದರೆ ಸರ್ಟಿಫಿಕೇಟ್. ಗೇಟಿಗೆ ಬೀಗ ಹಾಕಿದ್ದರೆ, ವಿಳಾಸ ಹಳೆಯದಾಗಿದ್ದರೆ, ವಾಪಸ್.

ಹಾಗಾಗಿ ಇನ್‌ಸ್ಟಾಲ್ ಮಾಡುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ಮೊದಲು ವಿಳಾಸ.

ಡಿಗ್ +ಶಾರ್ಟ್ ಎಕ್ಸಾಂಪಲ್.ಕಾಮ್ ಎ
ಡಿಗ್ +ಶಾರ್ಟ್ ಎಕ್ಸಾಂಪಲ್.ಕಾಮ್ ಎಎಎಎ

ಮೊದಲನೆಯದು ನಿಮ್ಮ ಸರ್ವರ್‌ನ ಐಪಿಯನ್ನೇ ತೋರಿಸಬೇಕು. ಎರಡನೆಯದು ಐಪಿವಿ6, ಹೊಸ ಮಾದರಿಯ ಐಪಿ ವಿಳಾಸ. ಒಂದೋ ಅದು ಖಾಲಿ ಇರಬೇಕು, ಇಲ್ಲಾ ಇದೇ ಸರ್ವರ್‌ನದ್ದಾಗಿರಬೇಕು. ಹಳೆಯ ಹೋಸ್ಟಿಂಗ್‌ನಿಂದ ಬಂದವರು ಎ ರೆಕಾರ್ಡ್ ಬದಲಾಯಿಸಿ ಈ ನಾಲ್ಕು ಎಗಳ ರೆಕಾರ್ಡನ್ನ ಮರೆತೇ ಬಿಡುತ್ತಾರೆ. ಲೆಟ್ಸ್ ಎನ್‌ಕ್ರಿಪ್ಟ್ ಐಪಿವಿ6 ವಿಳಾಸ ಇದ್ದರೆ ಮೊದಲು ಅಲ್ಲಿಗೇ ಹೋಗುತ್ತದೆ. ನಿಮ್ಮ ಮನೆಯ ಇಂಟರ್‌ನೆಟ್ ಐಪಿವಿ4 ಮಾತ್ರ ಆಗಿದ್ದರೆ ನಿಮಗೆ ಸೈಟು ಚೆನ್ನಾಗೇ ಕಾಣುತ್ತಿರುತ್ತದೆ, ಅವರಿಗೆ ಮಾತ್ರ ಹಳೇ ಮನೆ ಕಾಣುತ್ತದೆ. ಇದೊಂದನ್ನ ಹುಡುಕೋಕೆ ಇಡೀ ಸಂಜೆ ಕಳೆದವರನ್ನ ನೋಡಿದ್ದೇನೆ.

ಎರಡನೆಯದು ಗೇಟು. ಕ್ಲೌಡ್ ಸರ್ವರ್ ಆದರೆ ಸಾಮಾನ್ಯವಾಗಿ ಗೇಟು ಎರಡು: ಉಬುಂಟು ಒಳಗಿನ ಯುಎಫ್‌ಡಬ್ಲ್ಯು, ಮತ್ತೆ ಹೊರಗೆ ಕ್ಲೌಡ್ ಪ್ಯಾನೆಲ್‌ನಲ್ಲಿರುವ ಫೈರ್‌ವಾಲ್. ಎರಡರಲ್ಲೂ ಪೋರ್ಟ್ 80 ಮತ್ತು 443 (ಬೀಗ ಹಾಕಿದ ಸಂಪರ್ಕದ ಬಾಗಿಲು) ತೆರೆದಿರಬೇಕು. ಒಳಗಿನದ್ದಕ್ಕೆ ಹೀಗೆ:

ಸುಡೊ ಯುಎಫ್‌ಡಬ್ಲ್ಯು ಅಲೋ 80,443/ಟಿಸಿಪಿ

ಹೊರಗಿನದ್ದನ್ನ ಪ್ಯಾನೆಲ್‌ಗೆ ಹೋಗಿ ನೀವೇ ನೋಡಬೇಕು. ಇನ್ನೊಂದು ವಿಷಯ: ನಮ್ಮ ಗಿರಾಕಿಗಳೆಲ್ಲ ಇಲ್ಲೇ ಇರುವವರು ಅಂತ ಕೆಲವರು ಭಾರತದ ಐಪಿಗಳಿಗೆ ಮಾತ್ರ ಬಾಗಿಲು ತೆರೆದಿಡುತ್ತಾರೆ. ಪೋರ್ಟ್ 80ಕ್ಕೆ ಹಾಗೆ ಮಾಡಿದರೆ ಸರ್ಟಿಫಿಕೇಟ್ ಸಿಗುವುದಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಪ್ರಪಂಚದ ಬೇರೆ ಬೇರೆ ಕಡೆಯಿಂದ ಬಂದು ಬಾಗಿಲು ತಟ್ಟುತ್ತದೆ, ಎಲ್ಲಿಂದ ಅಂತ ಮುಂಚೆ ಹೇಳುವುದೂ ಇಲ್ಲ.

ಈಗ ಇನ್‌ಸ್ಟಾಲ್. ಉಬುಂಟುವಿನಲ್ಲಿ ಸಾಫ್ಟ್‌ವೇರ್ ಹಾಕುವ ಮಾಮೂಲಿ ದಾರಿಯಾದ ಆಪ್ಟ್‌ನಲ್ಲೂ ಸರ್ಟ್‌ಬಾಟ್ ಸಿಗುತ್ತದೆ, ಆದರೆ ಅದು ಸ್ವಲ್ಪ ಹಳೆಯ ಆವೃತ್ತಿ. ಸರ್ಟ್‌ಬಾಟ್‌ನವರೇ ಹೇಳುವುದು ಸ್ನ್ಯಾಪ್ ಅನ್ನುವ ಇನ್ನೊಂದು ದಾರಿ. ಸ್ನ್ಯಾಪ್ ಕಂಡರೆ ಆಗದವರು ಬಹಳ ಜನ ಇದ್ದಾರೆ, ನನಗೂ ಅದರ ಮೇಲೆ ಪ್ರೀತಿಯೇನಿಲ್ಲ, ಆದರೆ ಈ ಒಂದು ಕೆಲಸಕ್ಕೆ ಅದು ಸರಿಯಾಗಿದೆ: ತಾನೇ ಅಪ್‌ಡೇಟ್ ಆಗುತ್ತದೆ. ಎರಡೂ ಒಟ್ಟಿಗೆ ಮಾತ್ರ ಬೇಡ. ಮೊದಲೇ ಆಪ್ಟ್‌ನಿಂದ ಹಾಕಿದ್ದರೆ ಅದನ್ನ ತೆಗೆದೇ ಮುಂದೆ ಹೋಗಿ.

ಸುಡೊ ಆಪ್ಟ್ ರಿಮೂವ್ ಸರ್ಟ್‌ಬಾಟ್
ಸುಡೊ ಸ್ನ್ಯಾಪ್ ಇನ್‌ಸ್ಟಾಲ್ --ಕ್ಲಾಸಿಕ್ ಸರ್ಟ್‌ಬಾಟ್
ಸುಡೊ ಎಲ್‌ಎನ್ -ಎಸ್ /ಸ್ನ್ಯಾಪ್/ಬಿನ್/ಸರ್ಟ್‌ಬಾಟ್ /ಯುಎಸ್‌ಆರ್/ಲೋಕಲ್/ಬಿನ್/ಸರ್ಟ್‌ಬಾಟ್

ಇನ್‌ಸ್ಟಾಲ್ ಮುಗಿಯಿತು. ಮೂರನೆಯ ಸಾಲು, ಎಲ್ಲಿಂದ ಕರೆದರೂ ಸರ್ಟ್‌ಬಾಟ್ ಸಿಗಲಿ ಅಂತ ಒಂದು ಕೊಂಡಿ ಹಾಕುತ್ತದೆ, ಅಷ್ಟೇ.

ಸರ್ಟಿಫಿಕೇಟ್ ಕೇಳುವ ಮುಂಚೆ ಎಂಜಿನ್‌ಎಕ್ಸ್ ಕಾನ್ಫಿಗ್ ಫೈಲ್‌ನಲ್ಲಿ ಸರ್ವರ್_ನೇಮ್ ಸಾಲು ಇದೆಯಾ, ಅದರಲ್ಲಿ ನಿಮ್ಮ ಡೊಮೇನ್ ಸರಿಯಾಗಿ ಬರೆದಿದೆಯಾ ನೋಡಿ. ಸರ್ಟ್‌ಬಾಟ್ ಆ ಸಾಲನ್ನ ಓದಿಯೇ ಯಾವ ಬ್ಲಾಕಿಗೆ ಬೀಗ ಹಾಕಬೇಕು ಅಂತ ತಿಳಿದುಕೊಳ್ಳುತ್ತದೆ. ಅಲ್ಲಿ ಸುಮ್ನೆ ಒಂದು ಅಂಡರ್‌ಸ್ಕೋರ್ ಮಾತ್ರ ಇದ್ದರೆ, ಸರ್ಟಿಫಿಕೇಟ್ ಬರುತ್ತದೆ, ಆದರೆ ಎಲ್ಲಿ ಹಾಕಬೇಕು ಗೊತ್ತಾಗಲಿಲ್ಲ ಅಂತ ಕೈ ಚೆಲ್ಲುತ್ತದೆ. ತಿದ್ದಿದ ಮೇಲೆ ಎಂಜಿನ್‌ಎಕ್ಸ್ -ಟಿ ಹೊಡೆದು ತಪ್ಪಿಲ್ಲ ಅಂತ ಖಾತ್ರಿ ಮಾಡಿಕೊಂಡು ರಿಲೋಡ್ ಮಾಡಿ.

ಮೊದಲು ಒಂದು ತಾಲೀಮು:

ಸುಡೊ ಸರ್ಟ್‌ಬಾಟ್ ಸರ್ಟ್‌ಓನ್ಲಿ --ಎಂಜಿನ್‌ಎಕ್ಸ್ --ಡ್ರೈ-ರನ್ -ಡಿ ಎಕ್ಸಾಂಪಲ್.ಕಾಮ್ -ಡಿ ಡಬ್ಲ್ಯುಡಬ್ಲ್ಯುಡಬ್ಲ್ಯು.ಎಕ್ಸಾಂಪಲ್.ಕಾಮ್

ಇದನ್ನ ಬಿಡಬೇಡಿ. ಡ್ರೈ-ರನ್ ಅಂದರೆ ಪರೀಕ್ಷೆಗಂತಲೇ ಇಟ್ಟಿರುವ ಬೇರೆ ಸರ್ವರ್‌ಗೆ ಹೋಗಿ ಕೇಳುತ್ತದೆ, ಎಷ್ಟು ಸಲ ಸೋತರೂ ಅಷ್ಟು ತೊಂದರೆ ಇಲ್ಲ. ನಿಜವಾದ ಸರ್ವರ್‌ಗೆ ಮಿತಿ ಇದೆ. ಒಂದು ಹೆಸರಿಗೆ ಗಂಟೆಗೆ 5 ಸಲ ಪರಿಶೀಲನೆ ಸೋತರೆ ಆಮೇಲೆ ಕಾಯಬೇಕು. ಅದೇ ಹೆಸರುಗಳ ಗುಂಪಿಗೆ ವಾರದಲ್ಲಿ 5 ಸರ್ಟಿಫಿಕೇಟ್‌ಗಿಂತ ಜಾಸ್ತಿ ಕೊಡುವುದಿಲ್ಲ. ಸರ್ವರ್ ಅಳಿಸಿ ಮತ್ತೆ ಹಾಕಿ, ಅಳಿಸಿ ಮತ್ತೆ ಹಾಕಿ ಆಡುವವರು ಈ ಎರಡನೆಯದಕ್ಕೆ ಸಿಕ್ಕಿಬೀಳುತ್ತಾರೆ. ಆಗ ಯಾರನ್ನ ಬೇಡಿಕೊಂಡರೂ ಪ್ರಯೋಜನ ಇಲ್ಲ, ಕಾಯಬೇಕು.

ತಾಲೀಮು ಸರಿ ಹೋಯಿತಾ? ಈಗ ನಿಜವಾದದ್ದು:

ಸುಡೊ ಸರ್ಟ್‌ಬಾಟ್ --ಎಂಜಿನ್‌ಎಕ್ಸ್ -ಡಿ ಎಕ್ಸಾಂಪಲ್.ಕಾಮ್ -ಡಿ ಡಬ್ಲ್ಯುಡಬ್ಲ್ಯುಡಬ್ಲ್ಯು.ಎಕ್ಸಾಂಪಲ್.ಕಾಮ್

ಇಮೇಲ್ ಕೇಳಬಹುದು, ಷರತ್ತುಗಳಿಗೆ ಒಪ್ಪಿಗೆ ಕೇಳುತ್ತದೆ, ಇಎಫ್‌ಎಫ್‌ನ ಸುದ್ದಿಪತ್ರ ಬೇಕಾ ಅನ್ನುತ್ತದೆ. ಇಮೇಲ್ ಕೊಟ್ಟಿದ್ದೇನಲ್ಲ, ಅವಧಿ ಮುಗಿಯುವ ಮುಂಚೆ ಅವರೇ ನೆನಪು ಮಾಡುತ್ತಾರೆ ಅಂದುಕೊಳ್ಳಬೇಡಿ. ಆ ಮೇಲ್‌ಗಳನ್ನ ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲೇ ನಿಲ್ಲಿಸಿದೆ. ಹಳೆಯ ಬರಹಗಳಲ್ಲಿ ಇನ್ನೂ "ಮೇಲ್ ಬರುತ್ತದೆ" ಅಂತಲೇ ಇರುತ್ತದೆ.

ಮುಗಿದ ಮೇಲೆ ಕಾನ್ಫಿಗ್ ಫೈಲು ತೆರೆದು ನೋಡಿ. 443ರ ಸಾಲುಗಳು, ಸರ್ಟಿಫಿಕೇಟ್ ಫೈಲ್‌ಗಳ ದಾರಿ, 80ಕ್ಕೆ ಬಂದವರನ್ನ 443ಕ್ಕೆ ಕಳಿಸುವ ತುಂಡು, ಎಲ್ಲ ಸೇರಿರುತ್ತವೆ, ಪಕ್ಕದಲ್ಲಿ ಇದನ್ನ ನೋಡಿಕೊಳ್ಳುವುದು ಸರ್ಟ್‌ಬಾಟ್ ಅಂತ ಒಂದು ಟಿಪ್ಪಣಿಯೂ ಇರುತ್ತದೆ. ಎಲ್ಲರೂ 443ಕ್ಕೇ ಹೋಗುತ್ತಾರಲ್ಲ, 80 ಯಾಕೆ ಅಂತ ಗೇಟು ಮುಚ್ಚಿಬಿಡಬೇಡಿ. ಮುಂದಿನ ಸಲ ಚೀಟಿ ನೋಡೋಕೆ ಬರುವವರು ಅದೇ ಬಾಗಿಲಿಗೆ ಬರುತ್ತಾರೆ.

ಇನ್ನು ನವೀಕರಣ. ಇಲ್ಲಿ ನಿಧಾನವಾಗಿ ಓದಿ.

ಸಾಮಾನ್ಯ ಸರ್ಟಿಫಿಕೇಟ್ 90 ದಿನ ಬಾಳುತ್ತದೆ. ಈ ಅವಧಿ ಇನ್ನೂ ಕಡಿಮೆಯಾಗಲಿದೆ: 2027ರಲ್ಲಿ 64 ದಿನ, 2028ರಲ್ಲಿ 45 ದಿನ ಮಾಡುತ್ತೇವೆ ಅಂತ ಲೆಟ್ಸ್ ಎನ್‌ಕ್ರಿಪ್ಟ್ ಹೇಳಿದೆ. ಪುಕ್ಕಟೆಯದ್ದಕ್ಕೆ ಮಾತ್ರ ಈ ಕಷ್ಟ ಅಲ್ಲ, ದುಡ್ಡು ಕೊಟ್ಟು ಕೊಳ್ಳುವ ಸರ್ಟಿಫಿಕೇಟ್‌ಗಳೂ 2029ರ ಮಾರ್ಚ್ ಹೊತ್ತಿಗೆ 47 ದಿನ ಮೀರುವ ಹಾಗಿಲ್ಲ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡು ಕೈಯಲ್ಲೇ ನವೀಕರಿಸುತ್ತೇನೆ ಅನ್ನುವ ಕಾಲ ಹೋಯಿತು.

ಸ್ನ್ಯಾಪ್‌ನಿಂದ ಹಾಕಿದರೆ ಟೈಮರ್ ಜೊತೆಗೇ ಬರುತ್ತದೆ. ದಿನಕ್ಕೆ ಎರಡು ಸಲ ಎದ್ದು, ಅವಧಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಉಳಿದಿದ್ದರೆ ಹೊಸದು ತರುತ್ತದೆ. ಇದೆಯಾ ಅಂತ ಕಣ್ಣಾರೆ ನೋಡಿ:

ಸಿಸ್ಟಮ್‌ಸಿಟಿಎಲ್ ಲಿಸ್ಟ್-ಟೈಮರ್ಸ್

ಪಟ್ಟಿಯಲ್ಲಿ ಸರ್ಟ್‌ಬಾಟ್ ಹೆಸರಿನ ಸಾಲು ಕಾಣಬೇಕು. ಆಮೇಲೆ:

ಸುಡೊ ಸರ್ಟ್‌ಬಾಟ್ ರಿನ್ಯೂ --ಡ್ರೈ-ರನ್

ಇದು ಪಾಸಾದರೆ ಬಾಗಿಲು, ವಿಳಾಸ ಎಲ್ಲ ಸರಿ ಇದೆ ಅಂತ ಅರ್ಥ.

ಈಗ ಭಾವನ ಸೈಟಿಗೆ ಬರೋಣ. ಅಲ್ಲಿ ನಾನು ಜಾಣತನ ತೋರಿಸೋಕೆ ಹೋಗಿ, ನನ್ನ ಕಾನ್ಫಿಗ್ ಫೈಲಿಗೆ ಸರ್ಟ್‌ಬಾಟ್ ಕೈ ಹಾಕುವುದು ಬೇಡ ಅಂತ, ಸರ್ಟ್‌ಓನ್ಲಿ ಜೊತೆ --ವೆಬ್‌ರೂಟ್ ಬಳಸಿದ್ದೆ. ಅಂದರೆ ಸರ್ಟಿಫಿಕೇಟ್ ತಂದುಕೊಡು ಸಾಕು, ಹಾಕುವುದು ನಾನು ನೋಡಿಕೊಳ್ಳುತ್ತೇನೆ ಅಂತ. ಸರ್ಟ್‌ಬಾಟ್ ಮಾತಿಗೆ ತಪ್ಪಲಿಲ್ಲ. 30 ದಿನ ಬಾಕಿ ಇರುವಾಗಲೇ ಹೊಸದು ತಂದು ಫೋಲ್ಡರ್‌ನಲ್ಲಿ ಇಟ್ಟಿತು. ಆದರೆ ಎಂಜಿನ್‌ಎಕ್ಸ್ ಸರ್ಟಿಫಿಕೇಟ್ ಓದುವುದು ಶುರುವಾಗುವಾಗ, ಇಲ್ಲಾ ರಿಲೋಡ್ ಆಗುವಾಗ ಮಾತ್ರ. ಅದಕ್ಕೆ ಯಾರೂ ಹೇಳಲಿಲ್ಲ. ತಿಂಗಳಿಡೀ ಹಳೆಯದನ್ನೇ ಬಾಯಿಪಾಠ ಮಾಡಿಕೊಂಡು ಕೂತಿತ್ತು, ಹಳೆಯದರ ಅವಧಿ ಮುಗಿಯಿತು, ಭಾವನ ಫೋನ್ ಬಂತು. ಹಾಕುತ್ತೇನೆ ಅಂದವನು ನಾನು. ಮರೆತವನೂ ನಾನೇ. ಒಂದು ರಿಲೋಡ್ ಹೊಡೆದ ಕೂಡಲೇ ಸರಿಹೋಯಿತು.

--ಎಂಜಿನ್‌ಎಕ್ಸ್ ಅಂತ ಕೊಟ್ಟು ಹಾಕಿಸಿದವರಿಗೆ ಈ ಗೋಳಿಲ್ಲ, ಸರ್ಟ್‌ಬಾಟ್ ತಾನೇ ರಿಲೋಡ್ ಮಾಡಿಸುತ್ತದೆ. ಅದಕ್ಕೇ ಹೊಸಬರಿಗೆ ನಾನು ಹೇಳುವುದು ಆ ದಾರಿಯನ್ನೇ. ವೆಬ್‌ರೂಟ್ ಬಳಸುವವರು, ಅಥವಾ ಅದೇ ಸರ್ಟಿಫಿಕೇಟನ್ನ ಮೇಲ್ ಸರ್ವರ್‌ಗೂ ಕೊಟ್ಟಿರುವವರು ಹುಕ್, ಅಂದರೆ ಹೊಸ ಸರ್ಟಿಫಿಕೇಟ್ ಬಂದ ಕೂಡಲೇ ತಾನಾಗಿ ಓಡುವ ಸ್ಕ್ರಿಪ್ಟ್, ಹಾಕಬೇಕು. ಈ ಫೋಲ್ಡರ್‌ನಲ್ಲಿ ಒಂದು ಪುಟ್ಟ ಸ್ಕ್ರಿಪ್ಟ್ ಇಡಿ:

/ಇಟಿಸಿ/ಲೆಟ್ಸ್‌ಎನ್‌ಕ್ರಿಪ್ಟ್/ರಿನ್ಯೂವಲ್-ಹುಕ್ಸ್/ಡಿಪ್ಲಾಯ್/

ಒಳಗೆ ಎರಡೇ ಸಾಲು:

#!/ಬಿನ್/ಎಸ್‌ಎಚ್
ಸಿಸ್ಟಮ್‌ಸಿಟಿಎಲ್ ರಿಲೋಡ್ ಎಂಜಿನ್‌ಎಕ್ಸ್

ಫೈಲಿಗೆ ಸಿಎಚ್‌ಮಾಡ್ +ಎಕ್ಸ್ (ಓಡಿಸುವ ಅನುಮತಿ) ಕೊಡಿ, ಇಲ್ಲದಿದ್ದರೆ ಸರ್ಟ್‌ಬಾಟ್ ಅದನ್ನ ಕಣ್ಣೆತ್ತಿಯೂ ನೋಡುವುದಿಲ್ಲ. ಇಲ್ಲೊಂದು ಮೋಸ ಇದೆ: ಡ್ರೈ-ರನ್ ಮಾಡಿದಾಗ ಡಿಪ್ಲಾಯ್ ಹುಕ್ ಸಾಮಾನ್ಯವಾಗಿ ಓಡುವುದಿಲ್ಲ. ತಾಲೀಮು ಪಾಸಾಯಿತು ಅಂತ ಹುಕ್ ಕೂಡ ಸರಿ ಇದೆ ಅಂದುಕೊಳ್ಳಬೇಡಿ, ಆ ಸ್ಕ್ರಿಪ್ಟನ್ನ ಒಂದು ಸಲ ಕೈಯಲ್ಲೇ ಓಡಿಸಿ ನೋಡಿ.

ಸರ್ಟ್‌ಬಾಟ್ ಸರ್ಟಿಫಿಕೇಟ್ಸ್ ಅಂತ ಕೊಟ್ಟರೆ ಯಾವುದಕ್ಕೆ ಎಷ್ಟು ದಿನ ಉಳಿದಿದೆ ಅಂತ ತೋರಿಸುತ್ತದೆ. ಆದರೆ ಅದು ತೋರಿಸುವುದು ಡಿಸ್ಕಿನಲ್ಲಿರುವ ಫೈಲಿನ ಲೆಕ್ಕ, ನನಗೆ ಅರ್ಧ ಗಂಟೆ ಮಣ್ಣು ತಿನ್ನಿಸಿದ್ದು ಇದೇ ಲೆಕ್ಕ. ಹೊರಗಿನವರಿಗೆ ಏನು ಕಾಣುತ್ತಿದೆ ಅಂತ ತಿಳಿಯಬೇಕಾದರೆ ಹೊರಗಿನಿಂದಲೇ ಕೇಳಬೇಕು:

ಎಕೋ | ಓಪನ್‌ಎಸ್‌ಎಸ್‌ಎಲ್ ಎಸ್_ಕ್ಲೈಂಟ್ -ಸರ್ವರ್‌ನೇಮ್ ಎಕ್ಸಾಂಪಲ್.ಕಾಮ್ -ಕನೆಕ್ಟ್ ಎಕ್ಸಾಂಪಲ್.ಕಾಮ್:443 | ಓಪನ್‌ಎಸ್‌ಎಸ್‌ಎಲ್ ಎಕ್ಸ್509 -ನೋಔಟ್ -ಡೇಟ್ಸ್

ಎರಡು ತಾರೀಖು ಬರುತ್ತವೆ, ಎರಡನೆಯದು ಮುಗಿಯುವ ದಿನ. ಡಿಸ್ಕಿನ ತಾರೀಖು ಮತ್ತು ಇದು ಬೇರೆಬೇರೆ ಆಗಿದ್ದರೆ ರಿಲೋಡ್ ಆಗಿಲ್ಲ ಅಂತಲೇ ತಿಳಿಯಿರಿ.

ಕನ್ನಡದಲ್ಲೇ ಡೊಮೇನ್ ಹೆಸರು ತೆಗೆದುಕೊಂಡವರಿಗೆ ಒಂದು ಮಾತು. ಡಾಟ್ ಭಾರತ ಅಂತ ಕನ್ನಡ ಲಿಪಿಯಲ್ಲೇ ಡೊಮೇನ್ ಸಿಗುತ್ತದೆ, ಅದಕ್ಕೂ ಪುಕ್ಕಟೆ ಸರ್ಟಿಫಿಕೇಟ್ ಸಿಗುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಇಂಥ ಹೆಸರುಗಳಿಗೆ 2016ರಿಂದಲೇ ಕೊಡುತ್ತಿದೆ. ಆದರೆ -ಡಿ ಮುಂದೆ ಕನ್ನಡದಲ್ಲೇ ಹೆಸರು ಹೊಡೆದರೆ ಸರ್ಟ್‌ಬಾಟ್ ಒಪ್ಪುವುದಿಲ್ಲ, ಪ್ಯೂನಿಕೋಡ್‌ನಲ್ಲಿ ಕೊಡು ಅನ್ನುತ್ತದೆ. ಪ್ಯೂನಿಕೋಡ್ ಅಂದರೆ ಅದೇ ಹೆಸರನ್ನ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ ಬರೆಯುವ ಒಂದು ಗುಟ್ಟಿನ ಬರಹ, ಎಕ್ಸ್‌ಎನ್ ಮತ್ತು ಎರಡು ಅಡ್ಡಗೆರೆಯಿಂದ ಶುರುವಾಗುತ್ತದೆ. ಐಡಿಎನ್2 ಅನ್ನುವ ಪುಟ್ಟ ಪ್ರೋಗ್ರಾಂ ಹಾಕಿಕೊಂಡು ಅದಕ್ಕೆ ಕನ್ನಡದ ಹೆಸರು ಕೊಟ್ಟರೆ ಇದನ್ನ ಬರೆದುಕೊಡುತ್ತದೆ. ಎಂಜಿನ್‌ಎಕ್ಸ್‌ನ ಸರ್ವರ್_ನೇಮ್‌ನಲ್ಲೂ ಇದೇ ಇರಬೇಕು, ಕನ್ನಡ ಹೆಸರಲ್ಲ, ಯಾಕೆಂದರೆ ಬ್ರೌಸರ್ ಸರ್ವರ್‌ಗೆ ಕಳಿಸುವುದೂ ಪ್ಯೂನಿಕೋಡನ್ನೇ. ನೋಡುವವರಿಗೆ ವಿಳಾಸದ ಪಟ್ಟಿಯಲ್ಲಿ ಕನ್ನಡ, ಒಳಗೆಲ್ಲ ಗುಟ್ಟಿನ ಬರಹ.

ಚಿಕ್ಕಪುಟ್ಟವು ಕೆಲವು ಉಳಿದಿವೆ. ಬ್ಲಾಗ್, ಶಾಪ್ ಅಂತ ಹತ್ತಾರು ಸಬ್‌ಡೊಮೇನ್‌ಗೆ ಒಂದೇ ಸರ್ಟಿಫಿಕೇಟ್ ಬೇಕು, ನಕ್ಷತ್ರ ಚಿಹ್ನೆಯದ್ದು, ಅಂದರೆ ಚೀಟಿಯನ್ನ ಡಿಎನ್‌ಎಸ್‌ನಲ್ಲೇ ಟಿಎಕ್ಸ್‌ಟಿ ರೆಕಾರ್ಡ್ ಆಗಿ ಇಡಬೇಕು. ನಿಮ್ಮ ಡಿಎನ್‌ಎಸ್ ಕೊಡುವವರಿಗೆ ಸರ್ಟ್‌ಬಾಟ್‌ನಲ್ಲಿ ಪ್ಲಗಿನ್ ಇದ್ದರೆ ಹಾಗೆ ಮಾಡಿ. --ಮ್ಯಾನ್ಯುಯಲ್ ಕೊಟ್ಟು ಕೈಯಲ್ಲಿ ರೆಕಾರ್ಡ್ ಅಂಟಿಸಿದರೆ ಇವತ್ತು ಕೆಲಸ ಆಗುತ್ತದೆ, ಆದರೆ ತಾನಾಗಿ ನವೀಕರಣ ಆಗುವುದಿಲ್ಲ. ಹೆಚ್ಚಿನವರಿಗೆ ನಕ್ಷತ್ರದ ಅಗತ್ಯವೇ ಇರುವುದಿಲ್ಲ, ಬೇಕಾದ ನಾಲ್ಕು ಹೆಸರನ್ನ ನಾಲ್ಕು -ಡಿ ಹಾಕಿ ಕೊಟ್ಟರೆ ಸಾಕು.

ಆಮೇಲೆ ಹೊಸ ಹೆಸರು ಸೇರಿಸಬೇಕಾದರೆ --ಸರ್ಟ್-ನೇಮ್ ಎಕ್ಸಾಂಪಲ್.ಕಾಮ್ ಅಂತ ಹೇಳಿ, ಹಳೆಯ ಹೆಸರುಗಳನ್ನೂ ಹೊಸದನ್ನೂ ಒಟ್ಟಿಗೆ ಕೊಡಿ. ಇಲ್ಲದಿದ್ದರೆ ಬಾಲಕ್ಕೆ -0001 ಅಂತ ಅಂಟಿಸಿಕೊಂಡ ಇನ್ನೊಂದು ಸರ್ಟಿಫಿಕೇಟ್ ಹುಟ್ಟಬಹುದು, ಎಂಜಿನ್‌ಎಕ್ಸ್ ಯಾವುದನ್ನ ನೋಡುತ್ತಿದೆ ಅಂತ ನಿಮಗೇ ಗೊಂದಲ ಆಗುತ್ತದೆ. ಬೇಡದ್ದನ್ನ ತೆಗೆಯುವಾಗ ಆರ್‌ಎಂ ಹೊಡೆಯಬೇಡಿ. ಲೈವ್ ಫೋಲ್ಡರ್‌ನಲ್ಲಿ ಇರುವುದು ಬರೀ ಕೊಂಡಿಗಳು, ನಿಜವಾದ ಫೈಲು ಆರ್ಕೈವ್‌ನಲ್ಲಿ ಇರುತ್ತದೆ. ಸರ್ಟ್‌ಬಾಟ್ ಡಿಲೀಟ್ ಅಂತ ಅದಕ್ಕೇ ಒಂದು ಕಮಾಂಡ್ ಇದೆ, ಅದನ್ನೇ ಬಳಸಿ. ಇದೇ ಕಾರಣಕ್ಕೆ ಫೈಲುಗಳನ್ನ ಬೇರೆ ಕಡೆ ನಕಲು ಮಾಡಿ ಇಟ್ಟುಕೊಳ್ಳುವುದೂ ಬೇಡ, ಕೊಂಡಿ ಮುಂದೆ ಹೋಗುತ್ತದೆ, ನಕಲು ಅಲ್ಲೇ ಉಳಿಯುತ್ತದೆ. ಪ್ರೈವ್‌ಕೀ, ಅಂದರೆ ಸರ್ಟಿಫಿಕೇಟ್‌ನ ಗುಟ್ಟಿನ ಕೀಲಿ ಇರುವ ಫೈಲನ್ನ ನನ್ನ ಆ್ಯಪ್ ಓದೋಕೆ ಆಗುತ್ತಿಲ್ಲ ಅಂತ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಡುವವರೂ ಇದ್ದಾರೆ. ಮನೆ ಕೀಲಿಯನ್ನ ಬಾಗಿಲ ಚಿಲಕಕ್ಕೇ ನೇತುಹಾಕಿದ ಹಾಗೆ ಅದು. ಆ್ಯಪ್ ಮುಂದೆ ಎಂಜಿನ್‌ಎಕ್ಸ್ ನಿಲ್ಲಿಸಿ, ಕೀಲಿ ಅದರ ಹತ್ತಿರ ಇರಲಿ.

ಸ್ನ್ಯಾಪೂ ಬೇಡ, ಪೈಥಾನೂ ಬೇಡ ಅನ್ನುವವರಿಗೆ ಆಕ್ಮೆ.ಎಸ್‌ಎಚ್ ಇದೆ. ಪೂರ್ತಿ ಶೆಲ್ ಸ್ಕ್ರಿಪ್ಟ್, ಚಿಕ್ಕ ಯಂತ್ರಗಳಿಗೆ ಚೆನ್ನ. ಅದು 2021ರ ಆಗಸ್ಟ್‌ನಿಂದ ತಾನಾಗಿ ಜೀರೋಎಸ್‌ಎಸ್‌ಎಲ್ ಅನ್ನುವ ಬೇರೆ ಸರ್ಟಿಫಿಕೇಟ್ ಕೊಡುವವರ ಕಡೆಗೆ ಹೋಗುತ್ತದೆ, ಲೆಟ್ಸ್ ಎನ್‌ಕ್ರಿಪ್ಟೇ ಬೇಕಾದರೆ --ಸರ್ವರ್ ಲೆಟ್ಸ್‌ಎನ್‌ಕ್ರಿಪ್ಟ್ ಅಂತ ಹೇಳಬೇಕು.

ಭಾವನ ಫೋನ್ ಬಂದ ಮೇಲೆ ನಾನು ಮಾಡಿಕೊಂಡದ್ದು ಇಷ್ಟು. ಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ, ಅಂಗೈಯಗಲದ ಪುಟ್ಟ ಕಂಪ್ಯೂಟರ್, ಇದೆ. ಮೇಲಿನ ಓಪನ್‌ಎಸ್‌ಎಸ್‌ಎಲ್ ಸಾಲನ್ನೇ ಅದರ ಕ್ರಾನ್‌ಗೆ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ವ್ಯವಸ್ಥೆ) ಹಾಕಿ, ಕೊನೆಯಲ್ಲಿ -ಡೇಟ್ಸ್ ಬದಲು -ಚೆಕ್‌ಎಂಡ್ 1209600 ಅಂತ ಬರೆದಿದ್ದೇನೆ. ಆ ಅಂಕಿ 14 ದಿನಗಳ ಸೆಕೆಂಡು ಲೆಕ್ಕ. 14 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಕಮಾಂಡ್ ಸೋಲುತ್ತದೆ, ಸೋತರೆ ನನ್ನ ಫೋನಿಗೆ ಮೆಸೇಜ್ ಬರುತ್ತದೆ. ಮೆಸೇಜ್ ಬಂತು ಅಂದರೆ ಸರ್ಟ್‌ಬಾಟ್ ಆಗಲೇ ಎರಡು ವಾರದಿಂದ ಸೋಲುತ್ತಿದೆ, ಇಲ್ಲಾ ರಿಲೋಡ್ ಆಗಿಲ್ಲ, ಎರಡರಲ್ಲಿ ಒಂದು. ಅವಧಿ 45 ದಿನಕ್ಕೆ ಇಳಿದಾಗ ಈ 14ನ್ನ 7ಕ್ಕೋ 8ಕ್ಕೋ ಇಳಿಸಬೇಕು, ಇಲ್ಲದಿದ್ದರೆ ಸುಮ್ಸುಮ್ನೆ ಕೂಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಪೈ ಕೂಡ ಮಲಗುತ್ತದೆ, ಅದಕ್ಕೆ ಬೆಳಿಗ್ಗೆ 9ಕ್ಕೊಮ್ಮೆ ಸಂಜೆ 6ಕ್ಕೊಮ್ಮೆ ಓಡಿಸುತ್ತೇನೆ.